ಮೇಡಂ ಅವರ ಎಡಗೈ

ವೈದ್ಯಕೀಯದಲ್ಲಿ ಹೆಸರು ಮಾಡುವವರು ಸಾಮಾನ್ಯವಾಗಿ ಹೊಸ ಔಷಧಿಯಿಂದಲೋ, ಹೊಸ ಯಂತ್ರದಿಂದಲೋ, ಹೊಸ ಬಗೆಯ ಶಸ್ತ್ರಕ್ರಿಯೆಯಿಂದಲೋ ಹೆಸರು ಮಾಡುತ್ತಾರೆ. ಈ ತಿಂಗಳ ಕೊನೆಗೆ ನಮ್ಮ ಚರ್ಮರೋಗ ವಿಭಾಗದಿಂದ ನಿವೃತ್ತರಾಗುತ್ತಿರುವ ಮೇಡಂ ಅವರು ಹೆಸರು ಮಾಡಿದ್ದು ನೋಡುವುದರಿಂದ. ಮೈಮೇಲೆ ಬಿಳಿ ಮಚ್ಚೆ ಎದ್ದವರನ್ನು, ಜನ ತೊನ್ನು ಎಂದು ಪಿಸುಗುಟ್ಟಿ ಪಕ್ಕಕ್ಕೆ ಸರಿಯುವವರನ್ನು, ಎದುರಿಗೆ ಕೂರಿಸಿಕೊಂಡು, ಮಾತಾಡಿಸಿ, ಮುಟ್ಟಿ, ಅಳೆದು, ಬರೆದುಕೊಂಡು, ಆಮೇಲಷ್ಟೇ ಔಷಧಿಯ ಮಾತೆತ್ತುವ ಒಂದು ಕ್ರಮವನ್ನು ಅವರು ಮೂವತ್ತಮೂರು ವರ್ಷ ಒಂದೇ ಆಸ್ಪತ್ರೆಯ ಒಂದೇ ಕೊಠಡಿಯಲ್ಲಿ ಕುಳಿತು ಬೆಳೆಸಿದರು. ಸುತ್ತಲಿನ ಹತ್ತಾರು ಆಸ್ಪತ್ರೆಗಳಲ್ಲಿ ಇಂಥ ರೋಗಿಯನ್ನು ಮೊದಲ ಸಲ ಪರೀಕ್ಷಿಸುವಾಗ ತುಂಬುವ ನಾಲ್ಕು ಪುಟದ ಹಾಳೆ ಅವರ ಕೈಬರಹದಲ್ಲಿ ಹುಟ್ಟಿದ್ದು ಎಂಬುದು ಅದನ್ನು ತುಂಬುವ ಎಷ್ಟೋ ಕಿರಿಯ ವೈದ್ಯರಿಗೆ ತಿಳಿದಿಲ್ಲ. ತಿಳಿಸಬೇಕೆಂದು ಮೇಡಂ ಅವರಿಗೂ ಎಂದೂ ಅನಿಸಿದಂತಿಲ್ಲ.

ಆ ಹಾಳೆಯ ಬಗ್ಗೆ, ಆ ಕ್ರಮದ ಬಗ್ಗೆ ಐದು ಪುಟ ಬರೆದುಕೊಡಿ ಎಂದು ಈ ಅಭಿನಂದನಾ ಸಂಪುಟದ ಸಂಪಾದಕರು ನನ್ನನ್ನು ಕೇಳಿದರು. ಮೇಡಂ ಅವರ ವಿದ್ಯಾರ್ಥಿನಿಯಾಗಿ ಮೂರು ವರ್ಷ, ಸಹೋದ್ಯೋಗಿಯಾಗಿ ಆರು ವರ್ಷ ಅದೇ ವಿಭಾಗದಲ್ಲಿ ಕಳೆದವಳಿಗೆ ಇದು ನೀರು ಕುಡಿದಷ್ಟು ಸುಲಭವಾಗಬೇಕಿತ್ತು. ಮೂರು ಸಲ ಬರೆದೆ, ಮೂರು ಸಲವೂ ಹರಿದು ಹಾಕಿದೆ. ಎಲ್ಲಿಂದ ಹೊರಟರೂ ಬರಹ ಒಂದೇ ಜಾಗಕ್ಕೆ ಬಂದು ತಡವರಿಸುತ್ತಿತ್ತು. ಆ ಜಾಗವನ್ನು ಸುತ್ತು ಬಳಸಿ ದಾಟಿದರೆ ಲೇಖನ ಸೊಗಸಾಗಿ ಮುಗಿಯುತ್ತಿತ್ತು, ಆದರೆ ಅದರಲ್ಲಿ ಮೇಡಂ ಇರುತ್ತಿರಲಿಲ್ಲ. ದಾಟದೆ ಬರೆದರೆ ಅದು ಅಭಿನಂದನೆಯೋ ಆಕ್ಷೇಪಣೆಯೋ ನನಗೇ ತಿಳಿಯುತ್ತಿರಲಿಲ್ಲ. ಈಗಲೂ ತಿಳಿದಿದೆ ಎಂದು ಹೇಳಲಾರೆ. ಓದುಗರು ಈ ಗೊಂದಲವನ್ನು ಮನ್ನಿಸಬೇಕು.

ಮೇಡಂ ಸೇವೆಗೆ ಸೇರಿದ ಕಾಲದಲ್ಲಿ ಬಿಳಿ ಮಚ್ಚೆಯವರನ್ನು ಹೊರರೋಗಿ ವಿಭಾಗದಲ್ಲಿ ಎಲ್ಲರಿಗಿಂತ ಕೊನೆಗೆ, ನಿಲ್ಲಿಸಿಯೇ ನೋಡಿ ಕಳಿಸುತ್ತಿದ್ದರಂತೆ. ನೋವಿಲ್ಲ, ತುರಿಕೆಯಿಲ್ಲ, ಪ್ರಾಣಕ್ಕೆ ಅಪಾಯವಿಲ್ಲ, ಮತ್ತೇನು ಅವಸರ ಎಂಬುದು ಆಗಿನ ಹಿರಿಯರ ಲೆಕ್ಕ. ಮೇಡಂ ಅವರು ಪಡಸಾಲೆಯ ಕೊನೆಯ, ಯಾರಿಗೂ ಬೇಡವಾಗಿದ್ದ ಹದಿನಾಲ್ಕನೆಯ ಕೊಠಡಿಯನ್ನು ಕೇಳಿ ಪಡೆದರು. ಅದಕ್ಕೆ ಉತ್ತರಕ್ಕೊಂದು ದೊಡ್ಡ ಕಿಟಕಿಯಿತ್ತು; ಬಿಸಿಲು ನೇರ ಬೀಳದೆ ಬೆಳಕು ಮಾತ್ರ ಬರುವ ಕಿಟಕಿ. ಒಳಗೊಂದು ಸಣ್ಣ ಉಗ್ರಾಣವಿತ್ತು. ಅದರ ಸಂದುಗಳಿಗೆಲ್ಲ ಕಪ್ಪು ಕಾಗದ ಅಂಟಿಸಿ ಕತ್ತಲ ಕೋಣೆ ಮಾಡಿಕೊಂಡರು. ಕಿಟಕಿಯ ಬಳಿ ಎರಡು ಕುರ್ಚಿ, ಒಂದು ಮೇಜು. ಬಂದವರು ಯಾರೇ ಆಗಲಿ ಮೊದಲು ಕೂರಬೇಕು ಎಂಬುದು ಆ ಕೊಠಡಿಯ ಕಾನೂನು.

ನಾನು ಅಲ್ಲಿಗೆ ಬಂದದ್ದು ಒಂಬತ್ತು ವರ್ಷಗಳ ಹಿಂದೆ. ಒಬ್ಬೊಬ್ಬ ರೋಗಿಗೆ ಮುಕ್ಕಾಲು ಗಂಟೆ ಹಿಡಿಯುವುದನ್ನು ನೋಡಿ ಮೊದಲ ವಾರ ನನಗೆ ತಲೆ ಕೆಟ್ಟುಹೋಯಿತು. ಮಚ್ಚೆ ಮೊದಲು ಕಂಡದ್ದು ಎಲ್ಲಿ, ಯಾವಾಗ. ಅದನ್ನು ಮೊದಲು ಕಂಡದ್ದು ನೀವೋ ಬೇರೆಯವರೋ. ಕಳೆದ ಆರು ತಿಂಗಳಲ್ಲಿ ದೊಡ್ಡದಾಗಿದೆಯೋ, ಹೊಸದು ಎದ್ದಿದೆಯೋ. ಕೆರೆದಲ್ಲಿ, ತರಚಿದಲ್ಲಿ, ಬಟ್ಟೆಯ ದಾರ ಬಿಗಿದಲ್ಲಿ ಬೆಳ್ಳಗಾಗುತ್ತದೆಯೋ. ಮನೆಯಲ್ಲಿ ಇನ್ನಾರಿಗಾದರೂ ಇದೆಯೋ. ಥೈರಾಯ್ಡ್ ತೊಂದರೆ ಇದೆಯೋ. ದಿನವಿಡೀ ಕೈ ಯಾವ ವಸ್ತುವನ್ನು ಮುಟ್ಟುತ್ತದೆ. ಇದಕ್ಕಾಗಿ ಏನೇನು ತಿನ್ನಬೇಡ ಎಂದು ಯಾರು ಯಾರು ಹೇಳಿದ್ದಾರೆ. ಕೊನೆಯದಾಗಿ, ಇದು ಬಂದ ಮೇಲೆ ಯಾವ ಕೆಲಸ ಮಾಡುವುದನ್ನು ಬಿಟ್ಟಿದ್ದೀರಿ. ಆಮೇಲೆ ಕಿಟಕಿಯ ಬೆಳಕಿನಲ್ಲಿ ಅಡಿಯಿಂದ ಮುಡಿಯವರೆಗೆ ನೋಡುವುದು, ರೋಗಿಯ ಅಂಗೈಯನ್ನೇ ಅಳತೆಗೋಲು ಮಾಡಿಕೊಂಡು ಎಷ್ಟು ಅಂಗೈಯಷ್ಟು ಜಾಗ ಬಿಳಿಯಾಗಿದೆ ಎಂದು ಎಣಿಸುವುದು, ಮಚ್ಚೆಯೊಳಗಿನ ಕೂದಲು ಕಪ್ಪಿದೆಯೋ ನೆರೆತಿದೆಯೋ ಎಂದು ಭೂತಗನ್ನಡಿ ಹಿಡಿದು ಹುಡುಕುವುದು. ಕೂದಲು ಕಪ್ಪಾಗಿದ್ದರೆ ಬುಡದಿಂದ ಬಣ್ಣ ಮರಳಿ ಬರುವ ಆಸೆ ಉಂಟು, ಬೆಳ್ಳಗಾಗಿದ್ದರೆ ಕಷ್ಟ. ಕೊನೆಗೆ ಕತ್ತಲ ಕೋಣೆಯಲ್ಲಿ ನೇರಳೆ ದೀಪದ ಪರೀಕ್ಷೆ.

ಇಷ್ಟೆಲ್ಲ ಯಾಕೆ, ಬಿಳಿ ಎಂದರೆ ಬಿಳಿಯೇ ತಾನೇ ಎಂದುಕೊಂಡಿದ್ದ ನನಗೆ ಎರಡನೆಯ ವಾರವೇ ಪಾಠವಾಯಿತು. ವಯಸ್ಸಾದ ದರ್ಜಿಯೊಬ್ಬರು ಮುಂಗೈ ಮೇಲಿನ ಮಚ್ಚೆ ತೋರಿಸಲು ಬಂದರು. ನಗೆಮಾತಿನ ಮನುಷ್ಯ. “ಮೂವತ್ತು ವರ್ಷ ಪಳಗಿದ ಕೈ ಮೇಡಂ, ಇಲ್ಲಿ ಸೂಜಿ ಚುಚ್ಚಿದ್ರೂ ಗೊತ್ತಾಗಲ್ಲ” ಎಂದರು. ನಾನು ನಕ್ಕು, ಹಾಳೆಯಲ್ಲಿ ತೊನ್ನು ಎಂದು ಬರೆದು ಮೇಡಂ ಮುಂದಿಟ್ಟೆ. ಮೇಡಂ ಹಾಳೆ ನೋಡಿದರು, ಕೈ ನೋಡಿದರು, ದರ್ಜಿಗೆ ಕಣ್ಣು ಮುಚ್ಚಲು ಹೇಳಿ ಹತ್ತಿಯ ಎಳೆಯಿಂದ ಮಚ್ಚೆಯನ್ನು ಮೆಲ್ಲಗೆ ಮುಟ್ಟಿದರು.

“ಮುಟ್ಟಿದಾಗ ಹೇಳಿ.”

“ಇನ್ನೂ ಮುಟ್ಟಿಲ್ವಲ್ಲ ಮೇಡಂ.”

ಮೇಡಂ ಮತ್ತೆ ನಾಲ್ಕು ಸಲ ಮುಟ್ಟಿದರು. ದರ್ಜಿ ಕಣ್ಣು ಮುಚ್ಚಿ ನಗುತ್ತ ಕಾಯುತ್ತಲೇ ಇದ್ದರು. ಅದು ಕುಷ್ಠ. ಸುಣ್ಣದಂಥ ಬಿಳುಪು ಬೇರೆ, ಈ ಮಾಸಲು ಬಿಳುಪು ಬೇರೆ ಎಂಬುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ರೋಗಿ ತಾನಾಗಿ ಹೇಳಿದ ಮಾತು ಕಿವಿಗೂ ಬಿದ್ದಿರಲಿಲ್ಲ. ದರ್ಜಿಯ ಮುಂದೆ ಮೇಡಂ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ದರ್ಜಿಗೆ ವಿಷಯ ತಿಳಿಸಿ, ಔಷಧಿಯಿಂದ ಪೂರ್ತಿ ವಾಸಿಯಾಗುತ್ತದೆ ಎಂದು ಮನದಟ್ಟು ಮಾಡಿ, ಅವರ ಪ್ರಶ್ನೆಗಳೆಲ್ಲ ಮುಗಿಯುವವರೆಗೆ ಜೊತೆಗೆ ಕೂತಿದ್ದು ಕಳಿಸಿದ ಮೇಲೆ, ನನ್ನ ಹಾಳೆಯನ್ನು ನನಗೇ ಕೊಟ್ಟು, “ಇದನ್ನ ಹರೀಬೇಡ, ಇಟ್ಕೋ” ಎಂದರು. ಇಟ್ಟುಕೊಂಡಿದ್ದೇನೆ. ಅಲ್ಲಿಂದ ಕೆಲವು ತಿಂಗಳು ನನಗೆ ಎಲ್ಲೆಲ್ಲೂ ಬಿಳಿಯೇ ಕಾಣತೊಡಗಿತು. ಬಸ್ಸಿನಲ್ಲಿ ಮುಂದೆ ಕೂತವರ ಕುತ್ತಿಗೆ, ತರಕಾರಿ ತೂಗುವವಳ ಬೆರಳು, ಕಡೆಗೆ ನಮ್ಮ ಮನೆಯ ಗೋಡೆಯಲ್ಲಿ ಸುಣ್ಣ ಉದುರಿದ ಜಾಗಕ್ಕೂ ಅಂಚು ಹೇಗಿದೆ ಎಂದು ಬಗ್ಗಿ ನೋಡುವಷ್ಟು. “ನಿನಗೇನಾಗಿದೆಯೇ?” ಎಂದು ಅಮ್ಮ ಕೇಳಿದ್ದಳು.

ಮೇಡಂ ಅವರ ಎಡಗೈಯ ಮಾತನ್ನು ಇನ್ನು ಮುಂದೂಡಲಾರೆ. ಆ ಕೈಯ ಹಿಂಬದಿಯಲ್ಲಿ, ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನ ಆಚೆಯವರೆಗೆ, ಹೆಚ್ಚುಕಡಿಮೆ ಒಂದು ಅಂಗೈಯಷ್ಟು ಜಾಗ ಬೆಳ್ಳಗಿದೆ. ರೋಗಿಗಳು ಅವರನ್ನು ಬಿಳಿ ಕೈ ಡಾಕ್ಟರಮ್ಮ ಎಂದೇ ಕರೆಯುತ್ತಾರೆ. ಮೊದಲ ಸಲ ಬರುವವರು ತಲೆ ತಗ್ಗಿಸಿ, ಸೆರಗಿನಲ್ಲೋ ಉದ್ದ ತೋಳಿನಲ್ಲೋ ಕೈ ಮುಚ್ಚಿಕೊಂಡು ಬರುತ್ತಿದ್ದರು. ಬಾಗಿಲಲ್ಲಿ ಹಿರಿಯ ಸಿಸ್ಟರ್, ಮೇಡಂ ಅವರಿಗಿಂತ ಎರಡು ವರ್ಷ ಮೊದಲೇ ಆ ವಿಭಾಗಕ್ಕೆ ಸೇರಿದವರು, “ಹೋಗಿ ಕೂತ್ಕೊಳ್ಳಿ, ಹೆದರ್ಬೇಡಿ, ಡಾಕ್ಟರಮ್ಮನಿಗೂ ಇದೆ” ಎನ್ನುತ್ತಿದ್ದರು. ಒಳಗೆ ಹೋದವರ ಕಣ್ಣು ನೇರವಾಗಿ ಮೇಜಿನ ಮೇಲಿನ ಆ ಕೈಗೆ ಹೋಗುತ್ತಿತ್ತು. ಹೋದದ್ದೇ ತಡ, ಅವರ ಭುಜ ಸಡಿಲಾಗುವುದನ್ನು ನಾನು ನೂರಾರು ಸಲ ಕಂಡಿದ್ದೇನೆ. ನನಗೂ ಅದರಲ್ಲಿ ಅನುಮಾನವೇ ಇರಲಿಲ್ಲ. ವಿಭಾಗದಲ್ಲಿ ಯಾರಿಗೂ ಇದ್ದಂತೆ ಕಾಣಲಿಲ್ಲ.

ನನ್ನ ಮೊದಲ ವರ್ಷದಲ್ಲೇ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಇಪ್ಪತ್ತನಾಲ್ಕರ ಯುವತಿಯೊಬ್ಬಳು ತನ್ನ ಅತ್ತಿಗೆಯ ಜೊತೆ ಬಂದಳು. ಬೆರಳ ತುದಿಗಳು, ತುಟಿಯ ಅಂಚು ಬೆಳ್ಳಗಾಗಿದ್ದವು. ಗಿರಾಕಿಗಳ ಮುಖಕ್ಕೆ ಕನ್ನಡಕ ಏರಿಸಿ, ಕಿವಿಯ ಹಿಂದೆ ಕಡ್ಡಿ ಸರಿಮಾಡುವುದು ಅವಳ ಕೆಲಸ. ಇಷ್ಟು ಹತ್ತಿರದಿಂದ ಕೈ ಕಾಣುವ ಕೆಲಸ ಇನ್ನೊಂದಿರಲಾರದು. ಮೊದಲು ಕೈಗವಸು ಹಾಕಿಕೊಂಡಳಂತೆ. ಆಮೇಲೆ ಗಿರಾಕಿಯೊಬ್ಬರು ಮುಖ ಹಿಂದೆಳೆದುಕೊಂಡರಂತೆ. ಮಾಲೀಕರು ಅವಳನ್ನು ಒಳಕೋಣೆಯಲ್ಲಿ ಗಾಜು ಉಜ್ಜುವ ಯಂತ್ರದ ಮುಂದೆ ಕೂರಿಸಿದರು. “ಯಾವ ಕೆಲಸ ಬಿಟ್ಟಿದ್ದೀಯಮ್ಮ?” ಎಂದು ಮೇಡಂ ಕೇಳಿದಾಗ ಅವಳು ಅವರ ಎಡಗೈಯನ್ನೇ ನೋಡುತ್ತಿದ್ದಳು.

“ನಿಮಗೆ ಯಾವಾಗಿಂದ ಮೇಡಂ?”

“ಇಪ್ಪತ್ತೆರಡು ವರ್ಷ ಆಯ್ತು.”

“ಜಾಸ್ತಿ ಆಗಲಿಲ್ವಾ?”

“ಇಲ್ಲ. ಅವತ್ತು ಎಷ್ಟಿತ್ತೋ ಅಷ್ಟೇ ಇದೆ.”

ಮರುವಾರ ಅವಳು ಗವಸಿಲ್ಲದೆ ಬಂದಳು. ಮಾಲೀಕರ ಎದುರು ನಿಂತು, ನಮ್ಮ ಡಾಕ್ಟರಿಗೇ ಇದೆ, ಅವರು ದಿನಾ ಅಷ್ಟು ಜನರನ್ನು ಮುಟ್ಟುತ್ತಾರೆ, ನಾನು ಯಾಕೆ ಒಳಗೆ ಕೂರಬೇಕು ಎಂದು ಕೇಳಿ ಮತ್ತೆ ಗಿರಾಕಿಗಳು ಬರುವ ಮುಂದಿನ ಕಟ್ಟೆಗೆ ಬಂದು ನಿಂತಿದ್ದಳು. ಅವಳ ಹಾಳೆಯ ಜವಾಬ್ದಾರಿ ನನ್ನದಾಯಿತು. ಮೂರು ತಿಂಗಳಿಗೊಮ್ಮೆ ಫೋಟೋ ತೆಗೆಯುವುದು, ಪಾರದರ್ಶಕ ಹಾಳೆಯಿಟ್ಟು ಮಚ್ಚೆಯ ಅಂಚನ್ನು ಗುರುತು ಮಾಡುವುದು ನಾನೇ.

ಆ ವರ್ಷದ ಕೊನೆಯಲ್ಲಿ ಒಂದು ದಿನ, ಕತ್ತಲ ಕೋಣೆಯಲ್ಲಿ ಬೇರೊಬ್ಬ ರೋಗಿಯ ಪರೀಕ್ಷೆ ನಡೆದಿತ್ತು. ನೇರಳೆ ದೀಪದಡಿ ಬಣ್ಣ ಪೂರ್ತಿ ಕಳೆದುಕೊಂಡ ಚರ್ಮ ತಿಳಿನೀಲಿಯಾಗಿ ಬೆಳಗುತ್ತದೆ, ಅಂಚು ಕತ್ತರಿಯಿಂದ ಕತ್ತರಿಸಿದಷ್ಟು ಸ್ಪಷ್ಟ. ರೋಗಿಯ ಕೈ ಹಾಗೆಯೇ ಬೆಳಗಿತು. ಆ ಕೈಯನ್ನು ಹಿಡಿದಿದ್ದ ಮೇಡಂ ಅವರ ಎಡಗೈಯೂ ದೀಪದಡಿಯಲ್ಲೇ ಇತ್ತು. ಅದು ಬೆಳಗಲಿಲ್ಲ. ಮಂಕಾಗಿ, ಅಲ್ಲಲ್ಲಿ ಒಂದೊಂದು ಥರ, ಸ್ಪಷ್ಟ ಅಂಚಿಲ್ಲದೆ ಹಾಗೆಯೇ ಇತ್ತು. ನಾನು ಕಣ್ಣುಜ್ಜಿಕೊಂಡೆ. ಮರುದಿನ ಕಿಟಕಿಯ ಬೆಳಕಿನಲ್ಲಿ, ಸಹಿ ಹಾಕಿಸಿಕೊಳ್ಳುವ ನೆಪದಲ್ಲಿ, ಅವರೇ ಕಲಿಸಿದ ಕ್ರಮದಲ್ಲಿ ಆ ಕೈ ನೋಡಿದೆ. ಚರ್ಮದ ಸಣ್ಣ ಗೆರೆಗಳೇ ಇಲ್ಲ. ನಯವಾಗಿ, ಎಳೆದು ಹಿಡಿದಂತೆ ಮಿರುಗುತ್ತಿತ್ತು. ಕಪ್ಪು ಕೂದಲೂ ಇಲ್ಲ, ಬಿಳಿ ಕೂದಲೂ ಇಲ್ಲ, ಕೂದಲೇ ಇಲ್ಲ. ಹಾಳೆ ತುಂಬಬೇಕಾಗಿ ಬಂದಿದ್ದರೆ ನಾನು ಎರಡನೆಯ ಯೋಚನೆಯಿಲ್ಲದೆ ಗಾಯದ ಕಲೆ ಎಂದು ಬರೆಯುತ್ತಿದ್ದೆ.

ಹಿರಿಯ ಸಿಸ್ಟರ್ ಬಳಿ ಹೋದೆ. ಅವರು ಬಟ್ಟೆಪಟ್ಟಿ ಸುತ್ತುತ್ತ ಕೂತಿದ್ದರು.

“ಸಿಸ್ಟರ್, ಮೇಡಂ ಕೈಗೆ ಏನಾಗಿತ್ತು?”

“ಕುದಿಯೋ ನೀರು. ಆಗ ಉಪಕರಣಗಳನ್ನ ನೀರಲ್ಲಿ ಕುದಿಸ್ತಿದ್ವಲ್ಲ, ಆ ಪಾತ್ರೆ ಮಗುಚಿಕೊಳ್ತು. ಅವರು ಸೇರಿ ಎರಡು ವರ್ಷ ಆಗಿತ್ತೋ ಏನೋ. ನಾನೇ ಪಟ್ಟಿ ಕಟ್ಟಿದ್ದು.”

“ಮತ್ತೆ ಬಾಗಿಲಲ್ಲಿ ಎಲ್ಲರಿಗೂ ಡಾಕ್ಟರಮ್ಮನಿಗೂ ಇದೆ ಅಂತೀರಲ್ಲ.”

“ಇದೆ ಅಂದೆ. ಏನಿದೆ ಅಂತ ಹೇಳಿದ್ನಾ?” ಎಂದು ಸಿಸ್ಟರ್ ಪಟ್ಟಿಯ ತುದಿಯನ್ನು ಹಲ್ಲಿನಿಂದ ಕತ್ತರಿಸಿದರು. ಇನ್ನೊಂದು ಪಟ್ಟಿ ಕೈಗೆತ್ತಿಕೊಂಡು, “ಬಂದೋರು ಕೂತ್ಕೊಳ್ತಾರಲ್ಲಮ್ಮ, ಅಷ್ಟು ಸಾಲ್ದಾ?” ಎಂದರು.

ಸಾಕೋ ಸಾಲದೋ ನನಗೆ ತಿಳಿಯಲಿಲ್ಲ. ಮೇಡಂ ಅವರು ಒಮ್ಮೆಯೂ ಸುಳ್ಳಾಡಿರಲಿಲ್ಲ. ಇಪ್ಪತ್ತೆರಡು ವರ್ಷ ಎಂದದ್ದು ನಿಜ, ಜಾಸ್ತಿಯಾಗಿಲ್ಲ ಎಂದದ್ದೂ ನಿಜ. ಆದರೆ ಆ ಎರಡು ನಿಜಗಳ ನಡುವೆ ಕೂತು ಜನ ನಂಬುತ್ತಿದ್ದದ್ದು ನಿಜವಾಗಿರಲಿಲ್ಲ. ಕೇಳೋಣವೆಂದು ಎರಡು ಸಲ ಅವರ ಬಾಗಿಲವರೆಗೆ ಹೋಗಿ ಬಂದೆ. ಆಮೇಲೆ, ಇದನ್ನು ಬರೆಯಲು ನಾಚಿಕೆಯಾಗುತ್ತದೆ, ನಾನೂ ಅದನ್ನೇ ಮಾಡತೊಡಗಿದೆ. ಎರಡನೆಯ ವರ್ಷದಲ್ಲಿ ಕನ್ನಡಕದ ಅಂಗಡಿಯವಳು ಒಮ್ಮೆ ಬೇಸರದಲ್ಲಿದ್ದಳು. ತುಟಿಗೆ ಬಣ್ಣ ಮರಳಿತ್ತು, ಬೆರಳ ತುದಿ ಮಾತ್ರ ಜಪ್ಪಯ್ಯ ಎಂದರೂ ಜಗ್ಗುತ್ತಿರಲಿಲ್ಲ. ಬೆರಳ ತುದಿ ಹಾಗೆಯೇ, ಅಲ್ಲಿ ಕೂದಲ ಬುಡವಿಲ್ಲ. ನಾನು ಎಲ್ಲ ಗೊತ್ತಿದ್ದೂ, “ಮೇಡಂನ ನೋಡು, ಅವರು ತಲೆ ಕೆಡಿಸಿಕೊಂಡಿದ್ದಾರಾ?” ಎಂದೆ. ಅವಳು ನಕ್ಕು ಹೋದಳು. ಹೋದವಳು ಎಂಟು ತಿಂಗಳು ಬರಲಿಲ್ಲ.

ಬಂದಾಗ ಗುರುತೇ ಸಿಗಲಿಲ್ಲ. ಕಣ್ಣಿನ ಸುತ್ತ, ಹಣೆಯ ಮೇಲೆ, ಮೊಣಕೈವರೆಗೆ ಹರಡಿತ್ತು. ಅಂಚುಗಳು ಮಸುಕಾಗಿದ್ದವು, ಸುತ್ತ ಸುಣ್ಣದ ನೀರು ಚಿಮುಕಿಸಿದಂತೆ ಹೊಸ ಚುಕ್ಕೆಗಳು. ಇನ್ನೂ ಹರಡುತ್ತಿದೆ ಎಂಬುದರ ಲಕ್ಷಣ ಅದು. ಮೇಡಂ ಮೊದಲ ದಿನದಂತೆಯೇ ಪೂರ್ತಿ ಪರೀಕ್ಷೆ ಮಾಡಿದರು. ಅಂಗೈ ಎಣಿಸಿದರು. ಒಂದು ಅಂಗೈಯಷ್ಟೂ ಇಲ್ಲದ್ದು ಹನ್ನೊಂದಾಗಿತ್ತು.

“ಔಷಧಿ ಯಾವಾಗ ನಿಲ್ಲಿಸಿದೆ?”

“ಕಳೆದ ಸಲ ಬಂದು ಹೋದೆನಲ್ಲ, ಅವತ್ತಿಂದಾನೇ.”

“ಯಾಕಮ್ಮ?”

ಅವಳಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿದಂತೆ ಕಂಡಿತು. “ನೀವು ಏನೂ ಹಚ್ಚಲ್ವಲ್ಲ ಮೇಡಂ. ಇಪ್ಪತ್ತೆರಡು ವರ್ಷದಿಂದ ನಿಮ್ಮದು ಅಷ್ಟರಲ್ಲೇ ನಿಂತಿದೆ. ನಂದೂ ನಿಲ್ಲುತ್ತೆ ಅಂದ್ಕೊಂಡೆ.”

ನಾನು ನೆಲ ನೋಡುತ್ತಿದ್ದೆ. ಮೇಡಂ ಎದ್ದು ಅವಳ ಕೈ ಹಿಡಿದು ಕತ್ತಲ ಕೋಣೆಗೆ ಕರೆದೊಯ್ದರು. ನನಗೂ ಬಾ ಎಂದರು. ದೀಪ ಹಾಕಿ, ಅವಳ ಕೈಯ ಪಕ್ಕದಲ್ಲಿ ತಮ್ಮ ಎಡಗೈ ಇಟ್ಟರು.

“ನೋಡು. ನಿನ್ನದು ಹೊಳೀತಿದೆ. ನಂದು ಹೊಳೆಯಲ್ಲ. ಇದು ಬಿಸಿನೀರಿನ ಗಾಯ. ನಿನಗಿರೋದು ನನಗಿಲ್ಲ. ನಂದು ನಿಂತಿದೆ ಅನ್ನೋದಕ್ಕೆ ಅರ್ಥಾನೇ ಇಲ್ಲ, ಗಾಯದ ಕಲೆ ಎಲ್ಲಿ ಹೋಗುತ್ತೆ? ಇದನ್ನ ಮೊದಲೇ ಹೇಳಬೇಕಿತ್ತು. ಹೇಳಲಿಲ್ಲ. ತಪ್ಪಾಯ್ತು.”

ಆ ನೇರಳೆ ಬೆಳಕಿನಲ್ಲಿ ಅವಳ ಹಣೆ, ಕಣ್ಣ ಸುತ್ತಿನ ಚುಕ್ಕೆಗಳು ನೀಲಿಯಾಗಿ ಉರಿಯುತ್ತಿದ್ದವು. ಮುಖದ ಭಾವ ಕಾಣುತ್ತಿರಲಿಲ್ಲ. “ಹಾಗಾದ್ರೆ ನಾನು ಅಂಗಡೀಲಿ ಎಲ್ಲರಿಗೂ ಹೇಳಿದ್ದು ಸುಳ್ಳಾ?” ಎಂದಳು. ಮೇಡಂ ಉತ್ತರಿಸುವ ಮುಂಚೆಯೇ ಬಾಗಿಲು ತೆರೆದು ಹೊರಟುಹೋದಳು. ಚೀಟಿ, ಔಷಧಿ ಎಲ್ಲ ಮೇಜಿನ ಮೇಲೆಯೇ ಉಳಿದವು.

ಎರಡು ವಾರ ಕಾದೆವು. ಮೂರನೆಯ ವಾರ ಮಧ್ಯಾಹ್ನ ಮೇಡಂ, “ನನಗೆ ಹತ್ತಿರದ ಅಕ್ಷರ ಕಾಣ್ತಿಲ್ಲ, ಕನ್ನಡಕ ಬೇಕು, ನೀನೂ ಬಾ” ಎಂದರು. ಅದು ನೆಪ ಎಂದು ಹೇಳಲಾರೆ, ನಿಜವಾಗಿಯೂ ಅವರು ಹಾಳೆಗಳನ್ನು ಮಾರುದೂರ ಹಿಡಿದು ಓದುತ್ತಿದ್ದರು. ಅಂಗಡಿ ಇಕ್ಕಟ್ಟಾದ ಬೀದಿಯಲ್ಲಿ, ಎರಡು ಔಷಧಿ ಅಂಗಡಿಗಳ ನಡುವೆ ಇತ್ತು. ಅವಳು ಮುಂದಿನ ಕಟ್ಟೆಯಲ್ಲೇ ನಿಂತಿದ್ದಳು. ಗವಸು ಇರಲಿಲ್ಲ. ನಮ್ಮನ್ನು ನೋಡಿ ಮುಖದಲ್ಲಿ ಏನೂ ತೋರಿಸದೆ ಎತ್ತರದ ಸ್ಟೂಲನ್ನು ಮುಂದೆ ತಳ್ಳಿದಳು.

“ಕೂತ್ಕೊಳ್ಳಿ. ಯಾವಾಗಿಂದ ಕಾಣ್ತಿಲ್ಲ?”

“ಒಂದು ವರ್ಷ ಆಗಿರಬಹುದು.”

“ತಲೆನೋವು ಬರುತ್ತಾ?”

“ಸಂಜೆ ಹೊತ್ತು.”

“ಒಂದು ವರ್ಷ ಯಾಕೆ ಸುಮ್ಮನಿದ್ರಿ?”

ಅವಳು ಅಳತೆಯ ಚೌಕಟ್ಟನ್ನು ಅವರ ಮುಖಕ್ಕೇರಿಸಿ ಒಂದೊಂದೇ ಗಾಜು ಬದಲಿಸುತ್ತ, ಇದು ಸ್ಪಷ್ಟವೋ ಅದು ಸ್ಪಷ್ಟವೋ ಎಂದು ಕೇಳುತ್ತ ಹೋದಳು. ಮೇಡಂ ಎರಡು ಸಲ ತಡವರಿಸಿ, ಗೊತ್ತಾಗುತ್ತಿಲ್ಲ ಎಂದರು. ಅವಸರವಿಲ್ಲ ಎಂದಳು. ಆ ಬಿಳಿ ಬೆರಳುಗಳು ಮೇಡಂ ಅವರ ಕಿವಿಯ ಹಿಂದೆ ಕಡ್ಡಿ ಕೂರಿಸಿದವು. ಎಲ್ಲ ಮುಗಿದು ಚೀಟಿ ಬರೆದುಕೊಡುವಾಗ, ತಲೆಯೆತ್ತದೆ, “ಗುರುವಾರ ಆಸ್ಪತ್ರೆಗೆ ಬರ್ತೀನಿ. ನಿಮ್ಮ ಹತ್ರ ಅಲ್ಲ. ಇವರ ಹತ್ರ” ಎಂದು ನನ್ನತ್ತ ಪೆನ್ನು ತೋರಿಸಿದಳು. ಎಲ್ಲ ಗೊತ್ತಿದ್ದೂ ಅವಳನ್ನು ನಗಿಸಿ ಕಳಿಸಿದವಳು ನಾನೇ ಎಂದು ಅವಳಿಗೆ ತಿಳಿದಿರಲಿಲ್ಲ. ಮುಂದಿನ ಗುರುವಾರ ಮೊದಲು ಅದನ್ನೇ ಹೇಳಿದೆ. “ಸರಿ, ನೀವೂ ಅದೇ ಸಾಲಿನವರೇ. ಇನ್ನು ಬೇರೆ ಯಾರಿದ್ದಾರೆ ಅಂತ ಹೋಗಲಿ? ಹಾಳೆ ತೆಗೀರಿ” ಎಂದಳು. ಈ ಏಳು ವರ್ಷದಲ್ಲಿ ಅವಳ ಮುಖಕ್ಕೆ ಬಹುಪಾಲು ಬಣ್ಣ ಮರಳಿದೆ, ಕೈ ಹಾಗೆಯೇ ಉಳಿದಿದೆ. ಮೇಡಂ ಅವರ ಬಾಗಿಲ ಮುಂದೆಯೇ ಹಾದು ನನ್ನ ಮೇಜಿಗೆ ಬರುತ್ತಾಳೆ. ನಮಸ್ಕಾರ ಹೇಳುತ್ತಾಳೆ. ಒಳಗೆ ಹೋದದ್ದು ನಾನು ಕಂಡಿಲ್ಲ.

ಆ ಗುರುವಾರದಿಂದ ಮೇಡಂ ಪ್ರತಿಯೊಬ್ಬ ಹೊಸ ರೋಗಿಗೂ ಕೂತ ತಕ್ಷಣ, “ಇದು ಸುಟ್ಟ ಗಾಯ, ನಿಮ್ಮದು ಬೇರೆ” ಎಂದು ಕೈ ತೋರಿಸಿಯೇ ಮಾತು ಶುರು ಮಾಡತೊಡಗಿದರು. ಸಿಸ್ಟರ್ ಬಾಗಿಲಲ್ಲಿ ಹೇಳುವ ಮಾತನ್ನು ನಿಲ್ಲಿಸಿ, ಕೆಲವು ದಿನ ಮುಖ ಗಂಟಿಕ್ಕಿಕೊಂಡಿದ್ದರು. ಇದರಿಂದ ಎಲ್ಲ ಸರಿಹೋಯಿತು ಎಂದು ಬರೆಯುವ ಆಸೆ ನನಗೂ ಇದೆ. ಆದರೆ ನಾನು ಕಂಡದ್ದು ಹಾಗಿಲ್ಲ. ಸಡಿಲಾಗುತ್ತಿದ್ದ ಭುಜಗಳು ಈಗ ಮತ್ತಷ್ಟು ಬಿಗಿಯುತ್ತಿದ್ದವು. ಕೆಲವರು ಎರಡನೆಯ ಸಲ ಬರಲಿಲ್ಲ. ಹಳೆಯ ರೋಗಿಯೊಬ್ಬರು, ನಿವೃತ್ತ ಬಸ್ ಚಾಲಕರು, ವಿಷಯ ತಿಳಿದು, “ಇಷ್ಟು ವರ್ಷ ಹೇಳದೆ ಇದ್ದೋರು ಇನ್ನೂ ನಾಲ್ಕು ದಿನ ಸುಮ್ಮನಿರಬಾರದಿತ್ತಾ?” ಎಂದು ನೊಂದುಕೊಂಡು ಹೋದರು. ಔಷಧಿ ನಡುವೆ ಬಿಡುವವರು ಕಡಿಮೆಯಾದದ್ದು ನಿಜ, ಮೊದಲ ದಿನವೇ ಎದ್ದು ಹೋಗುವವರು ಹೆಚ್ಚಾದದ್ದೂ ನಿಜ. ಯಾವುದು ದೊಡ್ಡದು ಎಂದು ತೂಗುವ ತಕ್ಕಡಿ ನನ್ನಲ್ಲಿಲ್ಲ.

ಅದೇ ಕಾಲದ ಇನ್ನೊಂದು ಸಂಗತಿ. ಒಬ್ಬ ತಾಯಿ ತನ್ನ ಹನ್ನೊಂದು ವರ್ಷದ ಮಗಳನ್ನು ಕರೆತಂದಿದ್ದಳು. ಮಗುವಿನ ಮೊಣಕಾಲಿನ ಮೇಲೆ, ಕತ್ತಿನ ಮೇಲೆ ಮಚ್ಚೆಗಳು. ಶಾಲೆಗೆ ಹೋಗುವುದಿಲ್ಲ, ಊಟ ಸೇರುವುದಿಲ್ಲ. ಪಡಸಾಲೆಯಲ್ಲಿ ಕಾಯುವಾಗಲೇ ಮೇಡಂ ಅವರ ಕೈಯನ್ನು ದೂರದಿಂದ ಕಂಡು, ಅಮ್ಮ ತಂದಿದ್ದ ಡಬ್ಬಿ ತೆರೆದು ತಿಂದಿದ್ದಳಂತೆ. ಅದು ಸುಟ್ಟ ಗಾಯವೆಂದು ಅಲ್ಲಿ ಕಾಯುತ್ತಿದ್ದವರಿಂದ ತಿಳಿದಿದ್ದ ತಾಯಿ ಒಳಗೆ ಬಂದು ಮೇಡಂ ಅವರ ಕಿವಿಯ ಬಳಿ ಬಗ್ಗಿ, “ನನ್ನ ಮಗಳಿಗೆ ಮಾತ್ರ ಹೇಳಬೇಡಿ ಮೇಡಂ. ಇವತ್ತೊಂದು ದಿನ” ಎಂದಳು. ಮೇಡಂ ಅಷ್ಟು ಗೊಂದಲದಲ್ಲಿದ್ದದ್ದನ್ನು ನಾನು ಅದಕ್ಕೆ ಮುಂಚೆಯೂ ಆಮೇಲೂ ಕಂಡಿಲ್ಲ. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಹಾಳೆಯ ಮೊದಲ ಪುಟ ಮುಗಿಯುವವರೆಗೂ ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡಿದ್ದರು. ಆಮೇಲೆ ಅದನ್ನು ಮೇಲೆ ತಂದು ಮಗುವಿನ ಮುಂದಿಟ್ಟರು.

“ನೋಡು ಮರಿ, ಇದು ನಿನ್ನ ಥರದ್ದಲ್ಲ. ನನ್ನ ಕೈ ಮೇಲೆ ಬಿಸಿನೀರು ಬಿದ್ದಿತ್ತು.”

ತಾಯಿ ಮುಖ ತಿರುಗಿಸಿಕೊಂಡಳು. ಮಗು ಆ ಕೈಯನ್ನು ಬೆರಳಿನಿಂದ ಒತ್ತಿ ನೋಡಿತು.

“ನೋವಾಯ್ತಾ?”

“ತುಂಬಾ ನೋವಾಗಿತ್ತು.”

“ನಂದು ನೋವಾಗಲ್ಲ” ಎಂದಿತು ಮಗು. ಸ್ವಲ್ಪ ಜಂಬದಿಂದಲೇ ಎಂದಿತು. ಆ ಮಗು ಮುಂದೆ ತಪ್ಪದೆ ಬಂದಿತು. ಎಷ್ಟು ಬಣ್ಣ ಮರಳಿತು, ಎಷ್ಟು ಮರಳಲಿಲ್ಲ ಎಂಬುದು ಅದರ ಹಾಳೆಯಲ್ಲಿದೆ. ಇದನ್ನು ಸಮಾಧಾನದ ಕೊನೆಯೆಂದು ಹೇಳಬಹುದಿತ್ತು. ಆದರೆ ಎದ್ದು ಹೋದವರ ಹಾಳೆಗಳೂ ಅದೇ ಬೀರುವಿನಲ್ಲಿವೆ, ಮೊದಲ ಪುಟಕ್ಕೇ ನಿಂತುಹೋಗಿ.

ಕಳೆದ ತಿಂಗಳು ಮೇಡಂ ಅವರ ಮನೆಗೆ ಹೋಗಿ, ಸಂಪುಟಕ್ಕೆ ಇದನ್ನು ಬರೆಯಲೇ ಎಂದು ಕೇಳಿದೆ. ಅವರು ಕಿರಿಯ ವೈದ್ಯರಿಗಾಗಿ ಬರೆಯುತ್ತಿರುವ ಪರೀಕ್ಷಾ ಕೈಪಿಡಿಯ ಹಾಳೆಗಳ ನಡುವೆ ಕೂತಿದ್ದರು.

“ಬರಿ. ಹೊಗಳಿ ಹೊಗಳಿ ನನ್ನನ್ನ ಅಟ್ಟಕ್ಕೇರಿಸೋದಕ್ಕೆ ಬೇರೆಯವರಿದ್ದಾರೆ.”

“ಮೇಡಂ, ಒಂದು ಕೇಳಲಾ? ಮೊದಲ ದಿನಾನೇ ಯಾಕೆ ಹೇಳಲಿಲ್ಲ?”

ಅವರು ಬಹಳ ಹೊತ್ತು ಯೋಚಿಸಿದರು. ಉತ್ತರ ಗೊತ್ತಿದ್ದು ಹೇಳಲು ಹಿಂಜರಿಯುವವರ ಯೋಚನೆಯಾಗಿರಲಿಲ್ಲ ಅದು.

“ಹೇಳೋಣ ಅಂತಾನೇ ಇತ್ತು. ಮೊದಲ ದಿನ ಯಾವುದು ಅನ್ನೋದೇ ಗೊತ್ತಾಗಲಿಲ್ಲ ಕಣಮ್ಮ. ಯಾರೋ ಒಬ್ಬರು ನೋಡಿದ್ರು, ಸಮಾಧಾನ ಪಟ್ರು. ನಾನು ಸುಮ್ಮನಿದ್ದೆ. ಆಮೇಲೆ ತಿರುಗಿ ನೋಡಿದ್ರೆ ಹತ್ತು ವರ್ಷ ಆಗಿತ್ತು.” ಕೈಪಿಡಿಯ ಹಾಳೆಗಳನ್ನು ಜೋಡಿಸುತ್ತ, “ಸುಮ್ಮನಿದ್ದಿದ್ದು ಅವರಿಗೋಸ್ಕರಾನೋ ನನಗೋಸ್ಕರಾನೋ, ಅದೂ ಗೊತ್ತಾಗಿಲ್ಲ. ಅವರು ನನ್ನ ಕೈ ನೋಡಿದಾಗ ನನಗೂ ಹಿತ ಅನ್ನಿಸ್ತಿತ್ತು. ನಿನಗೇನಾದ್ರೂ ಗೊತ್ತಾದ್ರೆ ಬಂದು ಹೇಳು” ಎಂದರು.

ನನಗೆ ಇನ್ನೂ ಗೊತ್ತಾಗಿಲ್ಲ. ಬಿಳಿ ಮಚ್ಚೆಯೊಂದನ್ನು ಎದುರಿಗಿಟ್ಟರೆ ಅದು ಯಾವುದು, ನಿಂತಿದೆಯೋ ಹರಡುತ್ತಿದೆಯೋ, ಬಣ್ಣ ಮರಳುತ್ತದೆಯೋ ಇಲ್ಲವೋ ಎಂದು ಹೇಳುವಷ್ಟನ್ನು ಅವರು ಕಲಿಸಿದ್ದಾರೆ. ಅವರು ಮಾಡಿದ್ದನ್ನು ಏನೆಂದು ಕರೆಯಬೇಕು ಎಂಬುದನ್ನು ಕಲಿಸಿಲ್ಲ, ಅದು ಅವರಿಗೂ ಬಾರದ ಪಾಠ. ಮೇಡಂ ಅವರಿಗೆ ದೀರ್ಘಾಯುಷ್ಯ ಕೋರುವುದು ಈ ಸಂಪುಟದ ಎಲ್ಲ ಲೇಖಕರ ಕರ್ತವ್ಯ. ನನ್ನ ಕೋರಿಕೆಯಲ್ಲಿ ಸ್ವಲ್ಪ ಸ್ವಾರ್ಥವಿದೆ. ಕೈಪಿಡಿ ಮುಗಿಯಲಿ, ಕಣ್ಣು ಚುರುಕಾಗಿರಲಿ, ನಾನು ವಾರಕ್ಕೊಮ್ಮೆ ಹೋಗಿ ತಲೆ ತಿನ್ನುವಾಗ ಬಾಗಿಲು ತೆರೆಯುವ ತಾಳ್ಮೆ ಅವರಲ್ಲಿ ಉಳಿದಿರಲಿ. ಅವರು ಮಾಡಿದ್ದು ಸರಿಯೋ ತಪ್ಪೋ ಎಂಬುದು ನಮ್ಮಿಬ್ಬರ ನಡುವೆ ತೀರ್ಮಾನವಾಗುವವರೆಗೂ ಅವರು ನೆಮ್ಮದಿಯಾಗಿ ಬದುಕಿರಲಿ; ಮತ್ತು ಆ ತೀರ್ಮಾನಕ್ಕೆ ಬಹಳ ಬಹಳ ವರ್ಷ ಹಿಡಿಯಲಿ.